ಕಡಲ ನಡುವಿನಿಂದ ಮನೆಗೆ ಫೋನ್: ಹಡಗಿಗೆ ನೆಟ್‌ವರ್ಕ್ ಎಲ್ಲಿಂದ ಬರುತ್ತದೆ, ದುಡ್ಡು ಎಲ್ಲಿ ಸೋರುತ್ತದೆ

ಮಗ-ಸೊಸೆ ಸಿಂಗಪುರದಲ್ಲಿ ಕ್ರೂಸ್ ಹತ್ತಿದ್ದಾರೆ. ಶಿವಮೊಗ್ಗದ ಮನೆಯಿಂದ ಅಮ್ಮ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಕೇಳಿಸುವುದು, "ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ." ಒಂಬತ್ತಕ್ಕೂ ಅದೇ, ಹತ್ತಕ್ಕೂ ಅದೇ. ವಾಟ್ಸಾಪ್ ಮೆಸೇಜಿಗೆ ಒಂದೇ ಟಿಕ್. ಹಡಗಿನಲ್ಲಿ ಏನೂ ಆಗಿಲ್ಲ. ಮಕ್ಕಳು ಊಟ ಮುಗಿಸಿ ಡೆಕ್ಕಿನ ಮೇಲೆ ಗಾಳಿಗೆ ಕೂತಿದ್ದಾರೆ, ಫೋನಿಗೆ ನೆಟ್‌ವರ್ಕ್ ಇಲ್ಲ, ಅಷ್ಟೆ. ಆದರೆ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ತೊಂದರೆಯೂ ಇದೆ: ಫೋನಿಗೆ ಸಿಗ್ನಲ್ ಚೆನ್ನಾಗಿಯೇ ಇತ್ತು, ಹತ್ತು ನಿಮಿಷ ಮಾತಾಡಿದ್ದೂ ಆಯಿತು, ಊರಿಗೆ ಬಂದ ಮೇಲೆ ಬಿಲ್ ನೋಡಿ ಎದೆ ಧಸಕ್ಕೆಂದಿತು.

ಎರಡಕ್ಕೂ ಕಾರಣ ಒಂದೇ. ಹಡಗಿನಲ್ಲಿರುವ ಫೋನಿಗೆ ಮೂರು ಬೇರೆ ಬೇರೆ ಕಡೆಯಿಂದ ಸಂಪರ್ಕ ಸಿಗುತ್ತದೆ: ದಡದ ಮೊಬೈಲ್ ಟವರ್, ಹಡಗಿನೊಳಗೇ ಇರುವ ಮೊಬೈಲ್ ಟವರ್, ಮತ್ತು ಹಡಗಿನ ವೈಫೈ. ಮೂರರ ಖರ್ಚು ಬೇರೆ, ಸಿಗುವ ಹೊತ್ತು ಬೇರೆ, ನೆಚ್ಚಿಕೊಳ್ಳಬಹುದಾದ ಮಟ್ಟವೂ ಬೇರೆ. ಈಗ ಯಾವುದರ ಮೇಲಿದ್ದೇನೆ ಎಂದು ಫೋನ್ ತಾನಾಗಿ ಎಚ್ಚರಿಸುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ದಡದ ಟವರ್ ಎಲ್ಲಿಯವರೆಗೆ?

ಮೊಬೈಲ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿ ಮಾತ್ರ ಬಾಗಿದೆ. ದಡದಲ್ಲಿ 40 ಮೀಟರ್ ಎತ್ತರದ ಟವರ್ ಇದೆ, ನೀವು ನೀರಿನಿಂದ 25 ಮೀಟರ್ ಎತ್ತರದ ಮೇಲಿನ ಡೆಕ್ಕಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಲೆಕ್ಕದ ಪ್ರಕಾರ ಇಬ್ಬರ ನಡುವೆ ಸುಮಾರು 40 ಕಿ.ಮೀ.ವರೆಗೆ ನೇರ ನೋಟ ಇರುತ್ತದೆ. ವಾಸ್ತವದಲ್ಲಿ ಅಷ್ಟು ಸಿಗುವುದಿಲ್ಲ. ಊರೊಳಗಿನ ಟವರುಗಳ ಆಂಟೆನಾಗಳನ್ನು ರಸ್ತೆ, ಮನೆಗಳ ಕಡೆಗೆ ಸ್ವಲ್ಪ ಬಗ್ಗಿಸಿ ಕೂರಿಸಿರುತ್ತಾರೆ, ಕಡಲಿನ ಕಡೆಗಲ್ಲ. ಅಲ್ಲದೆ ಟವರಿನ ದನಿ ನಿಮಗೆ ಮುಟ್ಟಿದರೂ ನಿಮ್ಮ ಪುಟ್ಟ ಫೋನಿನ ದನಿ ಟವರಿಗೆ ವಾಪಸ್ ಮುಟ್ಟಬೇಕು. ಕಡ್ಡಿ ಕಾಣುತ್ತಿದ್ದರೂ ಕರೆ ಹೋಗದಿರುವುದು ಇದರಿಂದಲೇ. ದಡದಿಂದ ಹತ್ತಿಪ್ಪತ್ತು ಕಿ.ಮೀ. ದಾಟಿದ ಮೇಲೆ ಅದನ್ನು ನೆಚ್ಚಬೇಡಿ. ಕ್ರೂಸ್ ಹಡಗು 18 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 33 ಕಿ.ಮೀ. ವೇಗದಲ್ಲಿ ಹೋದರೆ, ನೇರವಾಗಿ ಕಡಲಿಗೆ ಇಳಿದ ಒಂದು ಗಂಟೆಯೊಳಗೆ ದಡದ ನೆಟ್‌ವರ್ಕ್ ಮುಗಿಯಿತು.

ಹಾಗಾಗಿ "ಹೊರಟೆವು" ಎಂಬ ಕರೆಯನ್ನು ಹಡಗು ಹಗ್ಗ ಬಿಚ್ಚುವ ಮೊದಲೇ ಮುಗಿಸಿಬಿಡಿ. ಲೈಫ್ ಜಾಕೆಟ್ ಡ್ರಿಲ್, ಲಗೇಜು, ಕ್ಯಾಬಿನ್ ಹುಡುಕಾಟದ ಗಡಿಬಿಡಿಯಲ್ಲಿ ಇದೇ ಮರೆತುಹೋಗುತ್ತದೆ.

ಕ್ಯಾಬಿನ್ನಿನೊಳಗೆ ಕೂತು ಪ್ರಯತ್ನಿಸಿ ಪ್ರಯೋಜನವಿಲ್ಲ. ಸುತ್ತ ಉಕ್ಕಿನ ಗೋಡೆ, ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಆದರೆ ಮುಗಿದೇ ಹೋಯಿತು. ದಡ ಕಾಣುವ ಬದಿಯ ತೆರೆದ ಡೆಕ್ಕಿಗೆ ಬನ್ನಿ. ಮುಂಬೈಯಿಂದ ಗೋವಾಕ್ಕೆ ತೆಂಕಣಕ್ಕೆ ಹೋಗುವಾಗ ದಡ ಹಡಗಿನ ಎಡಬದಿಗೆ, ವಾಪಸ್ ಬರುವಾಗ ಬಲಬದಿಗೆ ಇರುತ್ತದೆ. ನಿಮ್ಮ ಬಾಲ್ಕನಿ ಬಲಬದಿಗಿದ್ದರೆ ಹೋಗುವಾಗ ಕಾಣುವುದು ಬರೀ ಅರಬ್ಬಿ ಸಮುದ್ರ, ಸಿಗ್ನಲ್ಲೂ ಇಲ್ಲ. ಅದೇ ಹೊತ್ತಿನಲ್ಲಿ ಎದುರು ಸಾಲಿನ ಕ್ಯಾಬಿನ್ನಿನವರು ಮನೆಯವರ ಜೊತೆ ಆರಾಮಾಗಿ ಮಾತಾಡುತ್ತಿರುತ್ತಾರೆ.

ಲಕ್ಷದ್ವೀಪದ ಕಡೆ ಹೋಗುವವರಿಗೆ ಒಂದು ಮಾತು. ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿ.ಮೀ. ದಾರಿಯುದ್ದಕ್ಕೂ ದಡದ ಸಿಗ್ನಲ್ ಇರುವುದಿಲ್ಲ. ದ್ವೀಪ ಮುಟ್ಟಿದ ಮೇಲಿನ ಸ್ಥಿತಿ ಈಗ ಮೊದಲಿನಂತಿಲ್ಲ. ಕೊಚ್ಚಿಯಿಂದ ಸಮುದ್ರದಡಿ ಎಳೆದ ಫೈಬರ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ದ್ವೀಪಗಳ ಫೋನು, ಇಂಟರ್ನೆಟ್ಟು ಉಪಗ್ರಹವನ್ನೇ ನಂಬಿಕೊಂಡಿದ್ದವು.

ಹಡಗಿನೊಳಗಿನ ಟವರ್: ಬಿಲ್ ಏರುವುದು ಇಲ್ಲಿ

ಅಂತಾರಾಷ್ಟ್ರೀಯ ಮಾರ್ಗದ ಅನೇಕ ದೊಡ್ಡ ಹಡಗುಗಳಲ್ಲಿ ಕಾರಿಡಾರ್, ಡೆಕ್ಕುಗಳಲ್ಲಿ ಪುಟ್ಟ ಪುಟ್ಟ ಮೊಬೈಲ್ ಆಂಟೆನಾಗಳಿರುತ್ತವೆ. ಅವು ನಿಮ್ಮ ಫೋನಿನ ಕರೆಯನ್ನು ಹಿಡಿದು ಉಪಗ್ರಹದ ಮೂಲಕ ದಡಕ್ಕೆ ಸಾಗಿಸುತ್ತವೆ. ಪರದೆಯ ಮೇಲೆ 'ಸೆಲ್ಯುಲರ್ ಅಟ್ ಸೀ', 'ಟೆಲಿನಾರ್ ಮ್ಯಾರಿಟೈಮ್' ಎಂಬಂಥ ಹೆಸರು ಬರುತ್ತದೆ. ಕೆಲವು ಫೋನುಗಳಲ್ಲಿ ಹೆಸರಿನ ಬದಲು 901ರಿಂದ ಶುರುವಾಗುವ ಅಂಕಿ ಕಾಣಿಸಬಹುದು. ಭಾರತದ ಮೊಬೈಲ್ ಜಾಲಗಳಿಗೆ 404, 405 ಎಂಬ ಸಂಕೇತಗಳಿರುವಂತೆ, ಯಾವ ದೇಶಕ್ಕೂ ಸೇರದ ಜಾಲಗಳಿಗೆ 901.

ಎಡವಟ್ಟಾಗುವುದು ಇಲ್ಲೇ. ನೀವು ರೀಚಾರ್ಜ್ ಮಾಡಿಸಿದ್ದು ಸಿಂಗಪುರ, ಮಲೇಷ್ಯಾ, ಥಾಯ್ಲೆಂಡಿನ ರೋಮಿಂಗ್ ಪ್ಯಾಕ್. ಹಡಗಿನ ಟವರ್ ಈ ಮೂರರಲ್ಲಿ ಯಾವುದೂ ಅಲ್ಲ. ಪ್ಯಾಕಿನಲ್ಲಿ ಸಮುದ್ರದ ನೆಟ್‌ವರ್ಕ್ ಎಂದು ಬೇರೆಯಾಗಿ ಬರೆದಿರದಿದ್ದರೆ ಅಲ್ಲಿ ಪ್ಯಾಕ್ ನಡೆಯುವುದಿಲ್ಲ, ಹಲವು ಪಟ್ಟು ಹೆಚ್ಚಿನ ದರ ಬೀಳುತ್ತದೆ. ಪ್ರವಾಸಕ್ಕೆಂದು ಕೊಂಡ ಇ-ಸಿಮ್ಮುಗಳ (ಕಾರ್ಡ್ ಹಾಕದೆ ಫೋನಿನೊಳಗೇ ಸೇರಿಸುವ ಸಿಮ್) ಕಥೆಯೂ ಅಷ್ಟೆ, ಅವು ಹೆಚ್ಚಾಗಿ ಆಯಾ ದೇಶದ ನೆಲದ ಟವರುಗಳಿಗೆ ಮಾತ್ರ. ಡೇಟಾ ರೋಮಿಂಗ್ ಆನ್ ಆಗಿದ್ದರೆ ನೀವು ಒಂದೂ ಕರೆ ಮಾಡಬೇಕಾಗಿಲ್ಲ. ರಾತ್ರಿ ನೀವು ಮಲಗಿದ್ದಾಗ ಮೇಲ್, ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟುಗಳೇ ಆ ಟವರಿನ ಮೇಲೆ ಓಡುತ್ತಿರುತ್ತವೆ.

ಸಾಮಾನ್ಯವಾಗಿ ಈ ಟವರನ್ನು ಬಂದರಿನಲ್ಲಿ ಆರಿಸಿರುತ್ತಾರೆ, ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ದಾಟಿದ ಮೇಲೆ ಹೊತ್ತಿಸುತ್ತಾರೆ. ದೇಶದ ಜಲಗಡಿ ಅಲ್ಲಿಗೆ ಮುಗಿಯುತ್ತದೆ. ಈ ಗಡಿ ದಾಟುವ ಹೊತ್ತು ನಿಮಗೆ ತಿಳಿಯುವುದಿಲ್ಲ, ಆಗ ನೀವು ಊಟದ ಹಾಲಿನಲ್ಲಿರಬಹುದು. ಅದಕ್ಕೇ ಕಾಯುತ್ತ ಕೂರದೆ ಹಡಗು ಕದಲಿದ ಕೂಡಲೇ ಹೀಗೆ ಮಾಡಿ: ಮೊದಲು ಫ್ಲೈಟ್ ಮೋಡ್ ಆನ್, ಆಮೇಲೆ ಅದರ ಮೇಲೆಯೇ ವೈಫೈ ಆನ್. ಫ್ಲೈಟ್ ಮೋಡ್ ಹಾಕಿದರೆ ವೈಫೈ ನಡೆಯುವುದಿಲ್ಲ ಎಂದು ಹಲವರು ತಿಳಿದುಕೊಂಡಿರುತ್ತಾರೆ. ಅದು ತಪ್ಪು, ಎರಡೂ ಒಟ್ಟಿಗೆ ಇರಬಹುದು. ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾ ರೋಮಿಂಗನ್ನು ಎರಡೂ ಸಿಮ್ಮಿಗೆ ಬೇರೆ ಬೇರೆಯಾಗಿ ಆಫ್ ಮಾಡಬೇಕು, ಒಂದರಲ್ಲಿ ಮಾಡಿ ಇನ್ನೊಂದನ್ನು ಮರೆಯುವವರೇ ಹೆಚ್ಚು. ಅಪ್ಪ-ಅಮ್ಮನನ್ನು ಕಳಿಸುವವರು ಅವರ ಫೋನಿನಲ್ಲಿ ಇದನ್ನು ತಾವೇ ಮಾಡಿಕೊಟ್ಟು, ಅವರ ಕೈಯಲ್ಲಿ ಒಂದೆರಡು ಸಲ ಮಾಡಿಸಿ ನೋಡಬೇಕು.

ಹಡಗಿನ ವೈಫೈ ಮತ್ತು ಆ ಬಿಳಿ ಗುಮ್ಮಟಗಳು

ಹಡಗಿನ ನೆತ್ತಿಯ ಮೇಲೆ ದೊಡ್ಡ ಬಿಳಿ ಚೆಂಡುಗಳಂತೆ ಕಾಣುವ ಗುಮ್ಮಟಗಳೊಳಗೆ ಉಪಗ್ರಹದ ಆಂಟೆನಾಗಳಿರುತ್ತವೆ. ಹಡಗು ಎಷ್ಟೇ ಓಲಾಡಿದರೂ ಉಪಗ್ರಹದ ಮೇಲಿನ ಗುರಿ ತಪ್ಪದಂತೆ ಒಳಗಿನ ತಟ್ಟೆ ತಿರುಗುತ್ತಲೇ ಇರುತ್ತದೆ. ಹಡಗು ದಿಕ್ಕು ಬದಲಿಸಿ ಚಿಮಣಿ ಅಡ್ಡ ಬಂದರೆ ಇನ್ನೊಂದು ಗುಮ್ಮಟ ಕೆಲಸ ಎತ್ತಿಕೊಳ್ಳುತ್ತದೆ. ಆ ಬದಲಾವಣೆಯ ಕೆಲವು ಕ್ಷಣ ಕರೆ ಕಟ್ ಆಗಬಹುದು. ಜೋರು ಮಳೆಯಲ್ಲೂ ಅಲೆಗಳು ಸೊರಗುತ್ತವೆ.

ಹಳೆಯ ವ್ಯವಸ್ಥೆಯ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ನಿಮ್ಮ ಮಾತು ಮೇಲೆ ಹೋಗಿ ಕೆಳಗೆ ಬರಬೇಕು, ಅಮ್ಮನ ಉತ್ತರವೂ ಹಾಗೆಯೇ ಮೇಲೆ ಹೋಗಿ ಕೆಳಗೆ ಬರಬೇಕು. ಒಟ್ಟು ಹೆಚ್ಚುಕಡಿಮೆ 1.43 ಲಕ್ಷ ಕಿ.ಮೀ. ಬೆಳಕಿನ ವೇಗದಲ್ಲಿ ಹೋದರೂ ಇದಕ್ಕೇ ಅರ್ಧ ಸೆಕೆಂಡ್ ಹಿಡಿಯುತ್ತದೆ, ಯಂತ್ರಗಳ ಹೊತ್ತು ಬೇರೆ. ಇಬ್ಬರೂ ಒಟ್ಟಿಗೆ "ಹಲೋ, ಕೇಳ್ತಾ ಇದೆಯಾ" ಅನ್ನುತ್ತ ಒಬ್ಬರ ಮೇಲೊಬ್ಬರು ಬೀಳುವುದು ಇದರಿಂದ. ಒಂದು ವಾಕ್ಯ ಮುಗಿಸಿ ಮನಸ್ಸಿನಲ್ಲಿ ಎರಡು ಎಣಿಸಿ ಕಾಯಿರಿ, ಸರಿಹೋಗುತ್ತದೆ. ಇದನ್ನು ಮನೆಯವರಿಗೂ ಮೊದಲೇ ಹೇಳಿಡಿ.

ಹೊಸ ವ್ಯವಸ್ಥೆಯಲ್ಲಿ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಸಾವಿರಗಟ್ಟಲೆ ಹಾರುತ್ತಿವೆ. ಸ್ಟಾರ್‌ಲಿಂಕ್ ಇದೇ ಬಗೆಯದು. ರಾಯಲ್ ಕೆರಿಬಿಯನ್ 2022ರಲ್ಲಿ ತನ್ನ ಹಡಗುಗಳಿಗೆಲ್ಲ ಇದನ್ನು ಅಳವಡಿಸುವುದಾಗಿ ಘೋಷಿಸಿತು, ಕಾರ್ನಿವಲ್ ಸಮೂಹ 2024ರಲ್ಲಿ ತನ್ನೆಲ್ಲ ಹಡಗುಗಳಿಗೆ ಅಳವಡಿಸಿ ಮುಗಿಸಿತು. ಇಂಥ ಹಡಗಿನಲ್ಲಿ ತಡ ಅನ್ನುವುದು ಗೊತ್ತೇ ಆಗುವುದಿಲ್ಲ, ವಿಡಿಯೊ ಕರೆ ಮನೆಯ ವೈಫೈನಂತೆಯೇ ನಡೆಯುತ್ತದೆ. ಬುಕ್ ಮಾಡುವ ಮೊದಲು ಆ ಹಡಗಿನಲ್ಲಿ ಯಾವ ಉಪಗ್ರಹ ಸೇವೆ ಇದೆ ಎಂದು ಕೇಳುವುದು ಕ್ಯಾಬಿನ್ ಯಾವ ಡೆಕ್ಕಿನಲ್ಲಿದೆ ಎಂದು ಕೇಳುವಷ್ಟೇ ಮುಖ್ಯ.

ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಬೇಸಿಗೆಯಲ್ಲಿ ಅಲಾಸ್ಕಾ ಕ್ರೂಸಿಗೆ ಕರೆದೊಯ್ಯುವುದುಂಟು. ಈ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ. ಮಂಗಳೂರಿನಿಂದ ನೋಡಿದರೆ ಭೂಮಧ್ಯರೇಖೆಯ ಮೇಲಿನ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. 58 ಡಿಗ್ರಿ ಉತ್ತರದ ಜೂನೋ ಊರಿನಿಂದ ಅದು ದಿಗಂತದಿಂದ ಬರೀ 24 ಡಿಗ್ರಿ ಮೇಲೆ, ಅದೂ ಅನುಕೂಲವಾದ ಜಾಗದಲ್ಲಿದ್ದರೆ. ಹಡಗು ಸಾಗುವುದು ಎತ್ತರದ ಬೆಟ್ಟಗಳ ನಡುವಿನ ಕಿರಿದಾದ ಕಡಲುದಾರಿಯಲ್ಲಿ. ಬೆಟ್ಟ ಅಡ್ಡ ಬಂದರೆ ಹಳೆಯ ಬಗೆಯ ಇಂಟರ್ನೆಟ್ ಗಂಟೆಗಟ್ಟಲೆ ನಿಂತೇಹೋಗುತ್ತದೆ. ಬಂದರಿಗೆ ಇಳಿದರೂ ಕಷ್ಟ ತಪ್ಪಿದ್ದಲ್ಲ. ಸ್ಕಾಗ್‌ವೇ ಸುಮಾರು 1,200 ಜನರ ಊರು. ಅಲ್ಲಿಗೆ ಒಂದೇ ದಿನ ನಾಲ್ಕು ಹಡಗು ಬಂದರೆ ಊರಿನ ಹಲವು ಪಟ್ಟು ಜನ ಒಟ್ಟಿಗೆ ಫೋನ್ ತೆಗೆಯುತ್ತಾರೆ, ಟವರ್ ತತ್ತರಿಸುತ್ತದೆ. ಬೆಳಿಗ್ಗೆ ಮೊದಲು ಇಳಿದವರಿಗೆ ಕರೆ ಸಿಗುತ್ತದೆ, ಮಧ್ಯಾಹ್ನಕ್ಕೆ ಕಷ್ಟ. ಜೂನೋದಲ್ಲಿ ಹಡಗುಕಟ್ಟೆಯ ಹತ್ತಿರವೇ, ಪಾರ್ಕಿಂಗ್ ಕಟ್ಟಡದ ಮೇಲಂತಸ್ತಿನಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ಅಲ್ಲಿನ ವೈಫೈಗೆ ದುಡ್ಡು ಕೊಡಬೇಕಾಗಿಲ್ಲ.

ಬಂದರು ಹತ್ತಿರವಾದಾಗ ಹಡಗಿನ ವೈಫೈ ಇದ್ದಕ್ಕಿದ್ದಂತೆ ನಿಂತರೆ ಗಾಬರಿ ಬೇಡ. ಒಂದು ದೇಶದ ಜಲಗಡಿಯೊಳಗೆ ಉಪಗ್ರಹ ಸಂಪರ್ಕ ನಡೆಸಲು ಆ ದೇಶದ ಅನುಮತಿ ಬೇಕು. ಭಾರತ ಇದಕ್ಕಾಗಿ ವಿಮಾನ ಮತ್ತು ಹಡಗುಗಳ ಸಂಪರ್ಕದ ನಿಯಮಗಳನ್ನು 2018ರಲ್ಲಿ ತಂದಿತು. ಅನುಮತಿ ಇಲ್ಲದ ಕಡೆ ಹಡಗಿನವರು ಆಂಟೆನಾ ಬಂದ್ ಮಾಡಲೇಬೇಕು.

ಪ್ಯಾಕೇಜ್ ಕೊಳ್ಳುವಾಗ

ವೈಫೈಗೆ ಸೇರುವುದು ಬೇರೆ, ಇಂಟರ್ನೆಟ್ ಬರುವುದು ಬೇರೆ. ಹಡಗಿನ ವೈಫೈಗೆ ಯಾರು ಬೇಕಾದರೂ ಪುಕ್ಕಟೆ ಸೇರಬಹುದು. ಹಡಗಿನ ಕಂಪನಿಯ ಆ್ಯಪ್ ನಡೆಯುತ್ತದೆ, ಅದರಲ್ಲಿ ಊಟದ ಹೊತ್ತು, ಕಾರ್ಯಕ್ರಮ ನೋಡಬಹುದು, ಹಲವು ಹಡಗುಗಳಲ್ಲಿ ಜೊತೆಗೆ ಬಂದವರಿಗೆ ಚಾಟ್ ಕೂಡ ಮಾಡಬಹುದು. ಹೊರಗಿನ ಲೋಕಕ್ಕೆ ದಾರಿ ತೆರೆಯಲು ಮಾತ್ರ ಪ್ಯಾಕೇಜ್ ಬೇಕು. ಆ್ಯಪನ್ನು ಮನೆಯಲ್ಲಿದ್ದಾಗಲೇ ಇಳಿಸಿಕೊಂಡು ಲಾಗಿನ್ ಆಗಿರಿ. ಹಡಗು ಹತ್ತಿದ ಮೇಲೆ ಇಳಿಸಲು ಹೋದರೆ ಪ್ಲೇಸ್ಟೋರ್ ತೆರೆಯುವುದಿಲ್ಲ.

ಪ್ಯಾಕೇಜುಗಳು ಹೆಚ್ಚಾಗಿ ಎರಡು-ಮೂರು ಮಟ್ಟದಲ್ಲಿರುತ್ತವೆ. ಅಗ್ಗದ್ದರಲ್ಲಿ ಮೆಸೇಜು, ಸೋಷಿಯಲ್ ಮೀಡಿಯಾ. ನಡುವಿನದರಲ್ಲಿ ಮೇಲ್, ವೆಬ್‌ಸೈಟು. ದುಬಾರಿಯದರಲ್ಲಿ ವಿಡಿಯೊ ಕರೆ, ಸಿನಿಮಾ. ಅಗ್ಗದ್ದರಲ್ಲಿ ವಾಟ್ಸಾಪ್ ಇದೆ ಎಂದು ಬರೆದಿದ್ದರೂ ಮೆಸೇಜ್ ಮಾತ್ರ ಹೋಗಿ ಕರೆ ತಡೆದಿರುವುದುಂಟು. "ವಾಟ್ಸಾಪ್ ಇದೆಯಾ" ಎಂದು ಕೇಳಬೇಡಿ, "ವಾಟ್ಸಾಪಿನಲ್ಲಿ ಆಡಿಯೊ ಕರೆ ಹೋಗುತ್ತದಾ, ವಿಡಿಯೊ ಕರೆ ಹೋಗುತ್ತದಾ" ಎಂದು ಎರಡು ಪ್ರಶ್ನೆ ಮಾಡಿ ಕೇಳಿ.

ದರ ಫೋನೊಂದಕ್ಕೆ ಇಷ್ಟು ಎಂದಿರುತ್ತದೆ. ಗಂಡ-ಹೆಂಡತಿ ಇಬ್ಬರೇ ಇದ್ದರೆ ಸಾಮಾನ್ಯವಾಗಿ ಒಂದೇ ಫೋನಿನ ಪ್ಯಾಕೇಜ್ ಸಾಕು. ಒಬ್ಬರು ಲಾಗ್ಔಟ್ ಆದ ಮೇಲೆ ಇನ್ನೊಬ್ಬರು ಅದೇ ಖಾತೆಯಲ್ಲಿ ಲಾಗಿನ್ ಆಗಬಹುದು. ಒಂದರಿಂದ ಹಾಟ್‌ಸ್ಪಾಟ್ ಕೊಟ್ಟು ನಾಲ್ವರು ಬಳಸುವುದಕ್ಕೆ ಹೆಚ್ಚಿನ ಹಡಗುಗಳಲ್ಲಿ ತಡೆಯಿದೆ. ಹೊರಡುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಕೊಂಡರೆ ಹಡಗಿನಲ್ಲಿ ಕೊಳ್ಳುವುದಕ್ಕಿಂತ ಬಹುಮಟ್ಟಿಗೆ ಅಗ್ಗ. ಮೂರು-ನಾಲ್ಕು ರಾತ್ರಿಯ ಸಿಂಗಪುರದ ಪ್ರವಾಸದಲ್ಲಿ ಬಂದರಿಗೆ ಇಳಿಯುವ ದಿನಗಳಲ್ಲಿ ರೋಮಿಂಗ್ ಪ್ಯಾಕ್ ಇದ್ದೇ ಇರುತ್ತದೆ. ಪೂರ್ತಿ ಕಡಲಲ್ಲೇ ಕಳೆಯುವ ದಿನಕ್ಕೆ ಮಾತ್ರ 24 ಗಂಟೆಯ ಪಾಸ್ ಸಿಗುತ್ತದೆಯೇ ನೋಡಿ. ನಿಮಿಷದ ಲೆಕ್ಕದ ಪ್ಯಾಕೇಜ್ ಸಿಕ್ಕಿದರೆ ನೆನಪಿಡಿ: ಬ್ರೌಸರ್ ಮುಚ್ಚಿದರೆ ನಿಮಿಷ ನಿಲ್ಲುವುದಿಲ್ಲ, ಲಾಗ್ಔಟ್ ಒತ್ತಿದಾಗ ಮಾತ್ರ ನಿಲ್ಲುತ್ತದೆ.

ಸಂಜೆ ಊಟದ ನಂತರ ಸಾವಿರಾರು ಜನ ಒಂದೇ ಸಂಪರ್ಕವನ್ನು ಹಂಚಿಕೊಂಡಿರುತ್ತಾರೆ. ಬೆಳಿಗ್ಗೆ ಐದರಿಂದ ಏಳು, ಅಥವಾ ಉಳಿದವರೆಲ್ಲ ಬಂದರಿಗೆ ಇಳಿದಿರುವ ಹೊತ್ತು ಒಳ್ಳೆಯದು. ಇದು ಮನೆಯ ಹೊತ್ತಿಗೂ ಹೊಂದುತ್ತದೆ. ಬೇಸಿಗೆಯಲ್ಲಿ ಅಲಾಸ್ಕಾದ ಬೆಳಿಗ್ಗೆ 7 ಎಂದರೆ ನಮ್ಮಲ್ಲಿ ರಾತ್ರಿ 8.30. ಮಯಾಮಿಯ ಬೆಳಿಗ್ಗೆ 6 ಎಂದರೆ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 3.30, ಅಲ್ಲಿಯ ಚಳಿಗಾಲದಲ್ಲಿ 4.30.

ಫೋನಿನಲ್ಲಿ ಮಾಡಬೇಕಾದದ್ದು

ಹಡಗಿನ ವೈಫೈಯನ್ನು ಫೋನ್ ಮನೆಯ ವೈಫೈ ಎಂದೇ ತಿಳಿಯುತ್ತದೆ. ವೈಫೈ ಸಿಕ್ಕಿತು ಎಂದು ದಿನವೆಲ್ಲ ತೆಗೆದ ಮುನ್ನೂರು ಫೋಟೊಗಳನ್ನು ಮೇಲಕ್ಕೆ ಕಳಿಸಲು ಶುರುಮಾಡುತ್ತದೆ, ಆ್ಯಪುಗಳು ಅಪ್‌ಡೇಟ್ ಆಗತೊಡಗುತ್ತವೆ, ಅದೇ ಹೊತ್ತಿಗೆ ನೀವು ಮಾಡಿದ ಕರೆ ತಡವರಿಸುತ್ತದೆ. ಅದಕ್ಕೆ ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, ನೆಟ್‌ವರ್ಕ್ ಬಳಕೆಯನ್ನು 'ಮೀಟರ್ಡ್' ಎಂದು ಬದಲಿಸಿ. ಐಫೋನಿನಲ್ಲಿ ವೈಫೈ ಹೆಸರಿನ ಪಕ್ಕದ 'ಐ' ಗುರುತು ಒತ್ತಿ 'ಲೋ ಡೇಟಾ ಮೋಡ್' ಆನ್ ಮಾಡಿ. ಗೂಗಲ್ ಫೋಟೋಸ್ ಬ್ಯಾಕಪ್ ನಿಲ್ಲಿಸಿ. ವಾಟ್ಸಾಪ್ ಸೆಟ್ಟಿಂಗ್ಸ್‌ನ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ವೈಫೈ ಇದ್ದಾಗ ತಾನಾಗಿ ಡೌನ್‌ಲೋಡ್ ಆಗುವ ಫೋಟೊ, ವಿಡಿಯೊ ಎಲ್ಲದರ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಬಂಧುಬಳಗದ ಗ್ರೂಪುಗಳ ಶುಭೋದಯದ ಚಿತ್ರಗಳೆಲ್ಲ ಉಪಗ್ರಹ ಹತ್ತಿ ನಿಮ್ಮ ಫೋನಿಗೆ ಇಳಿಯುತ್ತವೆ. ಅದೇ ಜಾಗದಲ್ಲಿ 'ಕರೆಗೆ ಕಡಿಮೆ ಡೇಟಾ' ಎಂಬ ಆಯ್ಕೆ ಇದೆ, ಅದನ್ನೂ ಆನ್ ಮಾಡಿ.

ಕರೆ ಸರಿಯಾಗಿ ಹೋಗದ ದಿನ ವಾಯ್ಸ್ ಮೆಸೇಜ್ ಕಳಿಸಿ. ಒಂದು ನಿಮಿಷದ ದನಿ ಅರ್ಧ ಎಂಬಿಯೂ ಆಗುವುದಿಲ್ಲ, ಸಂಪರ್ಕ ತುಂಡಾದರೂ ಮತ್ತೆ ಬಂದಾಗ ತಾನಾಗಿ ಹೋಗುತ್ತದೆ. ಓದಲು ಕಣ್ಣು ಸಾಲದ ಅಜ್ಜಿಗೆ ಮೆಸೇಜಿಗಿಂತ ದನಿಯೇ ಲೇಸು, ಮತ್ತೆ ಮತ್ತೆ ಹಾಕಿ ಕೇಳಬಹುದು.

ಲಾಗಿನ್ ಪುಟ ತೆರೆಯದಿರುವುದು ಹಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ಟನ್ನು ಗುಟ್ಟಾಗಿ ಬೇರೆ ದಾರಿಯಲ್ಲಿ ಸಾಗಿಸುವ ಆ್ಯಪ್) ಇದ್ದರೆ ಆಫ್ ಮಾಡಿ, ಆಂಡ್ರಾಯ್ಡ್‌ನಲ್ಲಿ 'ಪ್ರೈವೇಟ್ ಡಿಎನ್ಎಸ್' ಆಫ್ ಮಾಡಿ, ವೈಫೈಯನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿ. ಒಂದೇ ಫೋನನ್ನು ಹಡಗು ಎರಡು ಫೋನ್ ಎಂದು ಎಣಿಸಿ "ಮಿತಿ ಮುಗಿದಿದೆ" ಎಂದರೆ ಕಾರಣ ಬೇರೆ. ಫೋನುಗಳು ಈಗ ಗುಟ್ಟು ಕಾಪಾಡಲು ವೈಫೈಗೆ ತಮ್ಮ ಗುರುತಿನ ಸಂಖ್ಯೆಯನ್ನು ಬದಲಿಸಿ ಕೊಡುತ್ತವೆ, ಹಡಗಿನ ವ್ಯವಸ್ಥೆ ಆ ಸಂಖ್ಯೆಯಿಂದಲೇ ನಿಮ್ಮನ್ನು ಗುರುತಿಸುತ್ತದೆ. ಐಫೋನಿನ 'ಪ್ರೈವೇಟ್ ವೈಫೈ ಅಡ್ರೆಸ್' ಅನ್ನು ಆ ಒಂದು ವೈಫೈಗೆ 'ಫಿಕ್ಸ್ಡ್' ಮಾಡಿ, ಆಂಡ್ರಾಯ್ಡ್‌ನಲ್ಲಿ 'ಡಿವೈಸ್ ಮ್ಯಾಕ್' ಆರಿಸಿ. ಕ್ಯಾಬಿನ್ನಿನಲ್ಲಿ ಸಿಗ್ನಲ್ ಕ್ಷೀಣವಾಗಿದ್ದರೆ ಬಾಗಿಲ ಹತ್ತಿರ ಬನ್ನಿ. ಎಷ್ಟೋ ಹಡಗುಗಳಲ್ಲಿ ವೈಫೈ ಪೆಟ್ಟಿಗೆ ಕಾರಿಡಾರಿನ ಸೂರಿನಲ್ಲಿರುತ್ತದೆ.

ಒಟಿಪಿ, ಯುಪಿಐ ಮತ್ತು ವಾಟ್ಸಾಪ್ ನಂಬರ್

ಕಡಲಿನಲ್ಲಿ ಇಂಟರ್ನೆಟ್ ಇದ್ದರೂ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಒಟಿಪಿ ಬರುವುದು ಎಸ್ಎಂಎಸ್ ಆಗಿ, ಎಸ್ಎಂಎಸ್ಸಿಗೆ ಮೊಬೈಲ್ ಟವರ್ ಬೇಕು, ನಿಮ್ಮ ಫೋನ್ ಫ್ಲೈಟ್ ಮೋಡಿನಲ್ಲಿದೆ. ಬಂದರಿಗೆ ಬಂದಾಗ ಎಸ್ಎಂಎಸ್ಸುಗಳು ಒಟ್ಟಿಗೆ ಬಂದು ಬೀಳುತ್ತವೆ, ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಆದ್ದರಿಂದ ಕರೆಂಟ್ ಬಿಲ್, ಎಲ್ಐಸಿ ಕಂತು, ಮಗುವಿನ ಶಾಲೆಯ ಫೀಸು ಎಲ್ಲವನ್ನೂ ಹೊರಡುವ ಮೊದಲೇ ಕಟ್ಟಿಬಿಡಿ. ತುರ್ತು ಬಂದರೆ ಆ ಕೆಲಸವನ್ನು ಬಂದರಿನ ದಿನಕ್ಕೆ ಇಟ್ಟುಕೊಳ್ಳಿ, ಆಗ ಫ್ಲೈಟ್ ಮೋಡ್ ತೆಗೆದು ಭಾರತದ ಸಿಮ್ಮಿಗೆ ಜೀವ ಕೊಡಿ. ಇದಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ಮೊದಲೇ ಆನ್ ಆಗಿರಬೇಕು. ನಿಮ್ಮ ಬ್ಯಾಂಕ್ ಒಟಿಪಿಯನ್ನು ಇಮೇಲಿಗೂ ಕಳಿಸುವುದಾದರೆ ಆ ಇಮೇಲ್ ವಿಳಾಸ ಸರಿಯಿದೆಯೇ ನೋಡಿಕೊಳ್ಳಿ.

ವೈಫೈ ಕಾಲಿಂಗ್ ಇರುವ ಸಿಮ್ಮಿನಲ್ಲಿ, ಫ್ಲೈಟ್ ಮೋಡಿನಲ್ಲಿದ್ದರೂ ಹಡಗಿನ ವೈಫೈ ಮೇಲೆ ಕರೆ, ಎಸ್ಎಂಎಸ್ ಬರುವ ಸಾಧ್ಯತೆ ಇದೆ. ಆದರೆ ವಿದೇಶದಲ್ಲಿ ಅದು ನಡೆಯುತ್ತದೆಯೇ, ಯಾವ ದರ ಬೀಳುತ್ತದೆ ಎನ್ನುವುದು ಕಂಪನಿಗೊಂದು, ಪ್ಯಾಕಿಗೊಂದು ರೀತಿ. ನಿಮ್ಮ ಸಿಮ್ ಕಂಪನಿಯಿಂದ ಖಚಿತ ಉತ್ತರ ಸಿಗುವವರೆಗೆ ವೈಫೈ ಕಾಲಿಂಗ್ ಆಫ್ ಇರಲಿ.

ವಿದೇಶದ ಸಿಮ್ ಹಾಕಲು ಭಾರತದ ಸಿಮ್ ಹೊರತೆಗೆಯಬೇಡಿ. ಯುಪಿಐ ಆ್ಯಪುಗಳು ಸಿಮ್ಮಿಗೆ ಗಂಟುಹಾಕಿಕೊಂಡಿರುತ್ತವೆ, ಸಿಮ್ ಕಾಣದಿದ್ದರೆ ಮತ್ತೆ ನೋಂದಣಿ ಕೇಳುತ್ತವೆ, ಅದಕ್ಕೆ ಎಸ್ಎಂಎಸ್ ಕಳಿಸಬೇಕು. ಡೇಟಾಗೆ ಇ-ಸಿಮ್ ಬಳಸಿ, ಹಳೆಯ ಸಿಮ್ ತನ್ನ ಜಾಗದಲ್ಲೇ ಇರಲಿ. ಹೊಸ ನಂಬರ್ ಕಂಡ ವಾಟ್ಸಾಪ್ "ನಂಬರ್ ಬದಲಿಸಬೇಕೇ" ಎಂದು ಕೇಳಿದರೆ ಬೇಡ ಎನ್ನಿ. ಹಡಗಿನಲ್ಲಿರುವಾಗ ವಾಟ್ಸಾಪ್ ಅಳಿಸಿ ಮತ್ತೆ ಹಾಕುವ ಸಾಹಸವನ್ನಂತೂ ಮಾಡಲೇಬೇಡಿ. ಅದರ ಆರು ಅಂಕಿಯ ಕೋಡ್ ಬರುವುದೂ ನಿಮ್ಮ ನಂಬರಿಗೇ.

ದುಬೈಯಿಂದ ಹೊರಡುವ ಕ್ರೂಸಿನವರು ಗಮನಿಸಿ: ಯುಎಇಯ ಸ್ಥಳೀಯ ಸಿಮ್ ಮತ್ತು ವೈಫೈಗಳಲ್ಲಿ ವಾಟ್ಸಾಪ್ ಕರೆಗೆ ತಡೆಯಿದೆ. ಮೆಸೇಜು, ವಾಯ್ಸ್ ಮೆಸೇಜು ಹೋಗುತ್ತವೆ. ಮನೆಯಲ್ಲಿ ಬಟನ್ ಫೋನ್ ಮಾತ್ರ ಇರುವವರಿಗೆ ಹಿಂದೆ ಸ್ಕೈಪ್ ಆಧಾರವಾಗಿತ್ತು, ಅದು 2025ರ ಮೇ ತಿಂಗಳಲ್ಲಿ ಮುಚ್ಚಿತು. ಅಮೆರಿಕದ ಗೂಗಲ್ ವಾಯ್ಸ್ ನಂಬರ್ ಇರುವವರು ಅದರಿಂದ ಊರಿನ ಸಾಮಾನ್ಯ ಫೋನಿಗೆ ವೈಫೈ ಮೇಲೆ ಕರೆ ಮಾಡಬಹುದು. ಇಲ್ಲವಾದರೆ ಪಕ್ಕದ ಮನೆಯ ಸ್ಮಾರ್ಟ್‌ಫೋನಿನವರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ.

ಉಪಗ್ರಹ ಫೋನ್ ಒಯ್ದರೆ ಈ ತಾಪತ್ರಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸರ್ಕಾರದ ಅನುಮತಿ ಇಲ್ಲದೆ ತುರಾಯಾ, ಇರಿಡಿಯಂ ಫೋನುಗಳನ್ನು ಭಾರತಕ್ಕೆ ತರುವುದು ಅಪರಾಧ. ಚಾರಣಿಗರು ಬಳಸುವ ಉಪಗ್ರಹ ಮೆಸೇಂಜರುಗಳಿಗೂ ಇದೇ ಅನ್ವಯ. ಇವುಗಳ ಜೊತೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿ ಪ್ರಕರಣ ಎದುರಿಸಿದ ವಿದೇಶಿಯರಿದ್ದಾರೆ.

ಮನೆಯಲ್ಲಿ ಬಿಟ್ಟುಹೋಗುವ ಹಾಳೆ

ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕುವ ಒಂದು ಹಾಳೆ. ಅದರಲ್ಲಿ ಹಡಗಿನ ಕಂಪನಿ, ಹಡಗಿನ ಹೆಸರು, ಹೊರಡುವ ತಾರೀಕು, ಬುಕಿಂಗ್ ನಂಬರ್, ಪಾಸ್‌ಪೋರ್ಟಿನಲ್ಲಿರುವಂತೆ ಪ್ರಯಾಣಿಕರ ಹೆಸರು, ಕ್ಯಾಬಿನ್ ನಂಬರ್, ಕಂಪನಿಯ ತುರ್ತು ಫೋನ್ ನಂಬರ್ ಇರಲಿ. ಮನೆಯಲ್ಲಿ ನಿಜವಾಗಿಯೂ ತುರ್ತು ಬಂದರೆ ನಿಮ್ಮ ಮೊಬೈಲಿಗೆ ಇಪ್ಪತ್ತು ಸಲ ಹೊಡೆಯುವುದರಿಂದ ಫಲವಿಲ್ಲ. ಕಂಪನಿಗೆ ಫೋನ್ ಮಾಡಿ ಹಡಗಿನ ಹೆಸರು, ಕ್ಯಾಬಿನ್ ನಂಬರ್ ಹೇಳಿದರೆ ಅವರು ಹಡಗಿಗೆ ತಿಳಿಸಿ ಸುದ್ದಿಯನ್ನು ಕ್ಯಾಬಿನ್ನಿಗೇ ಮುಟ್ಟಿಸುತ್ತಾರೆ. ಹಡಗಿನ ಕಡೆಯಿಂದಲೂ ಕ್ಯಾಬಿನ್ನಿನ ಫೋನಿನಿಂದ ದಡಕ್ಕೆ ಕರೆ ಮಾಡಬಹುದು. ನಿಮಿಷದ ಲೆಕ್ಕದಲ್ಲಿ ದುಬಾರಿ, ಆದರೂ ಇಂಟರ್ನೆಟ್ ಕೈಕೊಟ್ಟಾಗ ಇರುವ ದಾರಿ.

ಹಾಳೆಯ ಕೆಳಭಾಗದಲ್ಲಿ ದಿನದಿನದ ಪಟ್ಟಿ. ಸಿಂಗಪುರ–ಪೆನಾಂಗ್–ಫುಕೆಟ್ ಪ್ರವಾಸಕ್ಕೆ ಹೀಗೆ ಬರೆಯಬಹುದು: "ಸೋಮವಾರ, ಸಿಂಗಪುರ: ಭಾರತದ ಸಮಯ ಮಧ್ಯಾಹ್ನ 1.30ರೊಳಗೆ ಫೋನ್ ಮಾಡುತ್ತೇವೆ, ಆಮೇಲೆ ಸಿಗುವುದಿಲ್ಲ. ಮಂಗಳವಾರ, ಪೆನಾಂಗ್: ಊರಿಗೆ ಇಳಿದ ಮೇಲೆ ಫೋನ್. ಬುಧವಾರ, ಫುಕೆಟ್: ಅದೇ ರೀತಿ. ಗುರುವಾರ ಇಡೀ ದಿನ ಕಡಲು: ಸಂಜೆಯೊಳಗೆ ಒಂದು ವಾಯ್ಸ್ ಮೆಸೇಜ್, ಅದೂ ಬರದಿದ್ದರೆ ಶುಕ್ರವಾರ ಮಧ್ಯಾಹ್ನದವರೆಗೆ ಕಾಯಿರಿ." ಕೊನೆಯ ಸಾಲಿನಲ್ಲಿ ಎಲ್ಲಿಯವರೆಗೆ ಸುಮ್ಮನಿರಬಹುದು, ಯಾವಾಗ ವಿಚಾರಿಸಬೇಕು ಎಂಬುದು ಸ್ಪಷ್ಟವಾಗಿದೆ. ಅದೊಂದು ಗೊತ್ತಿದ್ದರೆ ಕಾಯುವವರು ಒಂದೇ ಟಿಕ್ ಕಂಡು ಹೆದರುವುದಿಲ್ಲ.

ಸಮಯದ ವಿಷಯದಲ್ಲಿ ನೀವೂ ಜೋಪಾನ. ಸಿಂಗಪುರ ಮತ್ತು ಪೆನಾಂಗ್ ನಮಗಿಂತ ಎರಡೂವರೆ ಗಂಟೆ ಮುಂದೆ, ಫುಕೆಟ್ ಒಂದೂವರೆ ಗಂಟೆ ಮುಂದೆ. ಹಡಗು ಸಿಂಗಪುರದ ಗಡಿಯಾರವನ್ನೇ ಇಟ್ಟುಕೊಂಡು ಫುಕೆಟ್‌ನಲ್ಲಿ ನಿಂತಿದೆ, ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು ಎಂದಿದ್ದಾರೆ ಎನ್ನಿ. ದಡದ ಟವರ್ ಹಿಡಿದ ನಿಮ್ಮ ಫೋನ್ ತಾನಾಗಿ ಫುಕೆಟ್ ಸಮಯಕ್ಕೆ ತಿರುಗಿ ಮೂರೂವರೆ ತೋರಿಸುತ್ತಿರುವಾಗ ಹಡಗಿನಲ್ಲಿ ನಾಲ್ಕೂವರೆ ಆಗಿರುತ್ತದೆ. ಇನ್ನೂ ಒಂದು ಗಂಟೆ ಇದೆ ಎಂದುಕೊಂಡು ಅಂಗಡಿಯಲ್ಲಿ ಇರುತ್ತೀರಿ, ಅಲ್ಲಿ ಹಡಗಿನ ಬಾಗಿಲು ಮುಚ್ಚುತ್ತಿರುತ್ತದೆ. ಕೈಗೆ ಮುಳ್ಳಿನ ಗಡಿಯಾರ ಕಟ್ಟಿ, ಹಡಗಿನ ಸಮಯ ಅದರಲ್ಲಿರಲಿ.

ಹಡಗು ಎಲ್ಲಿದೆ ಎಂದು ಮನೆಯವರು ಮರೀನ್‌ಟ್ರಾಫಿಕ್, ವೆಸೆಲ್‌ಫೈಂಡರ್ ಮೊದಲಾದ ಕಡೆ ನೋಡಬಹುದು. ಪ್ರಯಾಣಿಕರ ಹಡಗುಗಳು ತಮ್ಮ ಜಾಗ, ವೇಗ, ದಿಕ್ಕನ್ನು ರೇಡಿಯೊದಲ್ಲಿ ಸಾರುತ್ತಲೇ ಇರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಒಂದೇ ಹೆಸರಿನ ಹಡಗುಗಳು ಹಲವಿರುವುದರಿಂದ ಪ್ರತಿ ಹಡಗಿಗೂ ಬೇರೆಯಾಗಿರುವ ಏಳು ಅಂಕಿಯ ಗುರುತಿನ ಸಂಖ್ಯೆಯನ್ನು, ಅಂದರೆ ಐಎಂಒ ನಂಬರನ್ನು ಹಾಳೆಯಲ್ಲಿ ಬರೆದಿಡಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ರೇಡಿಯೊವನ್ನು ಹಿಡಿಯುವ ದಡದ ಕೇಂದ್ರಗಳಿಗೆ ಹಡಗು ದೂರ ಹೋದ ಮೇಲೆ ಕೇಳಿಸುವುದಿಲ್ಲ. ಆಗ ಪುಕ್ಕಟೆ ನಕ್ಷೆಯಲ್ಲಿ ಹಡಗು ಆರೇಳು ಗಂಟೆ ಹಿಂದಿನ ಜಾಗದಲ್ಲೇ ನಿಂತಂತೆ ಕಾಣುತ್ತದೆ, ಅಥವಾ ಮಾಯವಾಗುತ್ತದೆ. ಅದರರ್ಥ ಹಡಗು ಮುಳುಗಿತು ಎಂದಲ್ಲ, ದಡದಿಂದ ದೂರದಲ್ಲಿದೆ ಎಂದಷ್ಟೆ. ಇದನ್ನು ಹೇಳದೆ ಮನೆಯವರ ಕೈಗೆ ಆ ನಕ್ಷೆಯನ್ನು ಕೊಡಬೇಡಿ.

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಹುಡುಗರು ಇಂಥ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ಆರು-ಎಂಟು ತಿಂಗಳು ಮನೆಗೆ ಬರುವುದಿಲ್ಲ. ಅವರ ಇಂಟರ್ನೆಟ್ ಪ್ರಯಾಣಿಕರದ್ದಲ್ಲ, ಸಿಬ್ಬಂದಿಗೆಂದೇ ಬೇರೆ ಪ್ಯಾಕೇಜ್ ಇರುತ್ತದೆ. ನಾವಿಕರ ಕೆಲಸದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 2022ರಲ್ಲಿ ಆದ ತಿದ್ದುಪಡಿ 2024ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಸಾಧ್ಯವಿರುವ ಮಟ್ಟಿಗೆ ಸಿಬ್ಬಂದಿಗೆ ಇಂಟರ್ನೆಟ್ ಸಿಗಬೇಕು, ದರ ಇದ್ದರೆ ಅದು ನ್ಯಾಯವಾಗಿರಬೇಕು ಎನ್ನುತ್ತದೆ ಅದು. ಇವರಿಗೆ ಬಿಡುವು ಸಿಗುವುದು ನಡುರಾತ್ರಿಯೋ ಮಧ್ಯಾಹ್ನವೋ, ಪಾಳಿಯ ಮೇಲೆ. ಮನೆಯವರು ಅವರ ಪಾಳಿಯ ಹೊತ್ತನ್ನು ಕೇಳಿ ಬರೆದಿಟ್ಟುಕೊಂಡು, ಆ ಹೊತ್ತಿಗೆ ತಾವೇ ಎದ್ದಿದ್ದರೆ ವಾರಕ್ಕೊಂದು ಮುಖ ನೋಡಿದ ಕರೆ ಖಂಡಿತ ಸಿಗುತ್ತದೆ.

ಇಳಿಯುವ ಹಿಂದಿನ ರಾತ್ರಿ ಕ್ಯಾಬಿನ್ ಖಾತೆಯ ಲೆಕ್ಕವನ್ನು ಆ್ಯಪಿನಲ್ಲೋ ಟಿವಿಯಲ್ಲೋ ತೆರೆದು ಇಂಟರ್ನೆಟ್ ಮತ್ತು ಫೋನಿನ ಸಾಲುಗಳನ್ನು ನೋಡಿ. ಎರಡನೇ ಫೋನಿನ ಪ್ಯಾಕೇಜ್ ನಿಮಗೆ ಗೊತ್ತಿಲ್ಲದೆ ಸೇರಿದ್ದರೆ ಆಗಲೇ ಕೌಂಟರಿಗೆ ಹೋಗಿ ಕೇಳಿ, ಬೆಳಿಗ್ಗೆ ಅಲ್ಲಿ ಉದ್ದದ ಸಾಲಿರುತ್ತದೆ. ಹಡಗು ಕಟ್ಟೆಗೆ ತಾಗಿ ಹಗ್ಗ ಬಿಗಿದ ಮೇಲೆ ಫ್ಲೈಟ್ ಮೋಡ್ ತೆಗೆಯಿರಿ, ಪರದೆಯ ಮೇಲೆ ದಡದ ಕಂಪನಿಯ ಹೆಸರು ಬಂತೇ ಎಂದು ಒಮ್ಮೆ ನೋಡಿ, ಆಮೇಲೆ ಮನೆಗೆ ಫೋನ್ ಮಾಡಿ.